ಭಾವನನ್ನು ಕರೆದುಕೊಂಡು ಮನೆ ಕೊಂಡದ್ದು

ನಮ್ಮ ಭಾವನ ಕೈಗೆ ಕಾಗದ ಕೊಟ್ಟು "ಇಲ್ಲೊಂದು ಸಹಿ ಹಾಕಿ" ಎಂದವರು ಯಾರೂ ಅದೇ ದಿನ ಸಹಿ ಪಡೆದುಕೊಂಡು ಮನೆಗೆ ಹೋದ ಉದಾಹರಣೆ ಇಲ್ಲ. ಭಾವ ಎಂದರೆ ನನ್ನ ಅಕ್ಕನ ಗಂಡ. ಗುಂಡ್ಲುಪೇಟೆಯಲ್ಲಿ ಮನೆ, ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಗುಮಾಸ್ತೆ ಕೆಲಸ. ತನ್ನದೇ ಮದುವೆಯ ಕರೆಯೋಲೆ ಅಚ್ಚಿಗೆ ಹೋಗುವ ಮುನ್ನ ಅದರ ಕರಡನ್ನು ಹಿಡಿದು ನಮ್ಮಪ್ಪನ ಮುಂದೆ ಬಂದು ಕೂತಿದ್ದ.

"ಮಾವ, ಸಕುಟುಂಬ ಸಪರಿವಾರ ಅಂತ ಆಕ್ಸಿದ್ದೀರಲ್ಲ, ಕುಟುಂಬಕ್ಕೂ ಪರಿವಾರಕ್ಕೂ ಏನು ಯತ್ಯಾಸ? ನಮ್ ಚಿಕ್ಕಪ್ಪ ಯಾವುದ್ರಲ್ಲಿ ಬತ್ತಾನೆ?"

"ಎರಡರಲ್ಲೂ ಬರಲಿ, ಊಟಕ್ಕೆ ಬಂದರೆ ಸಾಕು" ಎಂದು ಅಪ್ಪ ಒಳಗೆ ಹೋಗಿ ಅಕ್ಕನನ್ನು ಕೇಳಿದರಂತೆ: "ಯೋಚನೆ ಮಾಡಿದ್ದೀಯಾ ಮಗಳೆ?"

ಇಷ್ಟೆಲ್ಲ ಗೊತ್ತಿದ್ದೂ ಮನೆ ಕೊಳ್ಳುವಾಗ ಭಾವನನ್ನು ಜೊತೆಗೆ ಕರೆದುಕೊಂಡೆನಲ್ಲ, ನನಗೇನು ಹೇಳುವುದು? ಚಾಮರಾಜನಗರ ಇನ್ನೇನು ಜಿಲ್ಲೆಯಾಗುತ್ತದೆ ಎಂಬ ಮಾತು ಹಬ್ಬಿದ್ದ ಕಾಲ ಅದು. ನಾನು ಅಲ್ಲಿ ಮೇಷ್ಟರಾಗಿದ್ದೆ. ಬಾಡಿಗೆ ಮನೆಯ ಮಾಲೀಕರು ಮೂರು ತಿಂಗಳಲ್ಲಿ ಮನೆ ಬಿಡಬೇಕೆಂದು ಹೇಳಿಯಾಗಿತ್ತು. ಅಷ್ಟರಲ್ಲಿ ಪಕ್ಕದ ಬೀದಿಯ ಒಂದು ಹೆಂಚಿನ ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಮನೆ ಒಬ್ಬ ಮುದುಕಿಯ ಹೆಸರಿನಲ್ಲಿತ್ತು. ವ್ಯವಹಾರವೆಲ್ಲ ಅವಳ ಮಗನದು. ಅವನು ಸಂತೆಮರಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದ, ತಾಯಿಯನ್ನೂ ಅಲ್ಲಿಗೇ ಕರೆದೊಯ್ಯುವವನಿದ್ದ.

ಮೊದಲು ಕರಾರುಪತ್ರ. ಪತ್ರ ಬರೆಯುವವರು ನೋಂದಣಿ ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಬೆರಳಚ್ಚು ಯಂತ್ರ ಇಟ್ಟುಕೊಂಡು ಕೂತಿದ್ದರು. ಭಾವ ಅವರನ್ನು ಕೇಳಿದ: "ಇದಕ್ಕೆ ಸೈನ್ ಮಾಡ್ಬುಟ್ರೆ ಮನೆ ನಮ್ದಾ?"

"ಇಲ್ಲ ಸ್ವಾಮಿ. ಮನೆ ಮಾರುತ್ತೇನೆ ಅಂತ ಅವರು, ಕೊಳ್ಳುತ್ತೇನೆ ಅಂತ ನೀವು ಮಾತು ಕೊಡೋದು ಕರಾರು. ಮನೆ ನಿಮ್ಮದಾಗೋದು ಕ್ರಯಪತ್ರ ನೋಂದಣಿ ಆದಮೇಲೆ."

"ಅಂದ್ರೆ ಇದು ವೀಳ್ಯಶಾಸ್ತ್ರ, ಅದು ಧಾರೆ."

ಪತ್ರದವರಿಗೆ ಖುಷಿಯಾಯಿತು. ಇಪ್ಪತ್ತು ವರ್ಷದಲ್ಲಿ ಇಷ್ಟು ಬೇಗ ಅರ್ಥಮಾಡಿಕೊಂಡವರು ಇವರೊಬ್ಬರೇ ಎಂದರು. ಪಾಪ, ಭಾವನ ಜೊತೆ ಅದು ಅವರಿಗೆ ಮೊದಲನೇ ದಿನ.

ಕರಾರಿನಲ್ಲಿ ಚೆಕ್ಕುಬಂದಿ ಎಂದು ಬರೆದಿತ್ತು. ಮನೆಯ ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ, ಅಷ್ಟೆ. ಪೂರ್ವಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ರಸ್ತೆ, ಹೀಗೆ. ಇದನ್ನು ಓದಿ ಒಪ್ಪಿಕೊಳ್ಳಲು ಯಾರಿಗಾದರೂ ಎಷ್ಟು ಹೊತ್ತು ಬೇಕು? ಭಾವ ಮುಂದಿನ ಭಾನುವಾರ ದಿಕ್ಸೂಚಿ ಮತ್ತು ಉದ್ದನೆಯ ಅಳತೆ ಟೇಪು ಹಿಡಿದು, ಖಾಕಿ ಷರಟು ಹಾಕಿಕೊಂಡೇ ಬಂದಿಳಿದ. ಬೀದಿಯ ನಡುವೆ ನಿಂತು, ಒಂದು ಕಣ್ಣು ಮುಚ್ಚಿ, "ಇದು ಪೂರ್ವ ಅಲ್ಲ ಕಣಪ್ಪ, ಈಶಾನ್ಯ" ಎಂದ. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು.

ಊರು ಜಿಲ್ಲೆಯಾಗುತ್ತದೆ ಎಂಬ ಸುದ್ದಿಯಿರುವಾಗ ಖಾಕಿ ತೊಟ್ಟವನೊಬ್ಬ ರಸ್ತೆ ಅಳೆದರೆ ಜನ ಏನೆಂದುಕೊಳ್ಳಬೇಕು? ಅರ್ಧ ಗಂಟೆಯಲ್ಲಿ ಬೀದಿಯೇ ಸೇರಿತು. ರಸ್ತೆ ಅಗಲ ಮಾಡಿ ನಮ್ಮ ಜಗಲಿ ಒಡೆಯಲು ಬಂದಿದ್ದಾರೆ ಎಂದು ಒಬ್ಬ ಹೆಂಗಸು ಟೇಪಿನ ಮೇಲೇ ಕೂತುಬಿಟ್ಟಳು. ಹೀಗೆ ಮನೆ ಕೊಳ್ಳುವ ಮೊದಲೇ ನನಗೆ ನಾಲ್ಕು ದಿಕ್ಕಿನವರ ಪರಿಚಯವಾಯಿತು.

ಆಮೇಲೆ ಖಾತೆ. "ಖಾತೆ ಅವ್ವನ ಹೆಸರಲ್ಲೇ ಅದೆ, ಇನ್ನೇನ್ ಬೇಕು?" ಎಂದ ಮಗ. ಕಂದಾಯ ಯಾರು ಕಟ್ಟುತ್ತಾರೆ ಅನ್ನುವುದಕ್ಕೆ ಮಾತ್ರ ಖಾತೆ, ಮನೆ ಯಾರಿಂದ ಯಾರಿಗೆ ಬಂತು ಅನ್ನುವುದಕ್ಕೆ ಹಳೆಯ ಪತ್ರಗಳೇ ಬೇಕು ಎಂದು ಪತ್ರದವರು ಬಿಡಿಸಿ ಹೇಳಿದರು. ಋಣಭಾರ ಪತ್ರವನ್ನೂ ತೆಗೆಸಿದೆವು. ಮನೆಯನ್ನು ಯಾರಿಗೂ ಅಡವಿಟ್ಟಿಲ್ಲ, ಮೊದಲೇ ಮಾರಿಲ್ಲ ಎಂದು ಅದರಲ್ಲಿ ಗೊತ್ತಾಗುತ್ತದೆ. ಇದಕ್ಕೆಲ್ಲ ಗುಂಡ್ಲುಪೇಟೆಯಿಂದ ಭಾವ ಆರು ಸಲ ಬಸ್ಸು ಹತ್ತಿದ. ನಾನು ಆರು ಸಲ ರಜೆ ಹಾಕಿದೆ. ಹೆಡ್‌ಮಾಸ್ಟರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಆದರೆ ನಿಜವಾದ ಅನಾಹುತ ನಡೆದದ್ದು ಕ್ರಯಪತ್ರದ ಕರಡಿನಲ್ಲಿ. "ಸದರಿ ಸ್ವತ್ತಿನ ನಿಧಿ, ನಿಕ್ಷೇಪ, ಜಲ, ಪಾಷಾಣ..." ಎಂದು ಪತ್ರದವರು ಓದುತ್ತಿದ್ದಂತೆ ಭಾವ ಕೈ ಎತ್ತಿದ.

"ನಿಧಿ ಅಂದ್ರೆ?"

"ನೆಲದೊಳಗೆ ಹೂತಿಟ್ಟ ಸಂಪತ್ತು. ಅದೂ ಕೊಂಡವರಿಗೇ ಸೇರುತ್ತೆ ಅಂತ. ಹಿಂದಿನಿಂದ ಬಂದ ಒಕ್ಕಣೆ ಸ್ವಾಮಿ, ಅರ್ಥ ನೋಡಬಾರದು."

"ಅರ್ಥ ನೋಡ್ದೆ ಬರ್ಸೋದು ಎಂಗೆ? ಅದಾ ಇಲ್ವಾ ಅಂತ ಅವ್ರನ್ನೇ ಕೇಳನ" ಎಂದು ಮುದುಕಿಯ ಮಗನ ಕಡೆ ತಿರುಗಿದ. ಅಲ್ಲಿಯವರೆಗೆ ಆರಾಮಾಗಿ ಬೀಡಿ ಸೇದುತ್ತಿದ್ದ ಮಗನ ಮುಖ ಬದಲಾಯಿತು. ಆ ಸಂಜೆಯೇ "ಒಸಿ ದಿನ ತಡೀರಿ" ಎಂದು ಹೇಳಿ ಕಳಿಸಿದ. ವಾರ ಕಳೆದು ಹೋಗಿ ನೋಡಿದರೆ ಹಿತ್ತಲಿನಲ್ಲಿ ಮೂರು ಗುಂಡಿ! ಬಚ್ಚಲ ನೀರಿನ ಕೊಳವೆ ಒಡೆದು ಹೋಗಿತ್ತು. ಇಷ್ಟೆಲ್ಲ ಅಗೆದು ಸಿಕ್ಕಿದ್ದು ಒಂದು ಸೀಳಿದ ಒರಳುಕಲ್ಲು. ಭಾವ ಅದನ್ನು ಸುತ್ತಿ ನೋಡಿ, "ಪಾಷಾಣ ಅಂದ್ರೆ ಕಲ್ಲು ತಾನೆ, ಸಿಕ್ತು ಬುಡು. ಪತ್ರದ ಪ್ರಕಾರ ಅದೂ ನಮ್ದೇ" ಎಂದ. ನನಗೆ ಅದೇ ಕಲ್ಲಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಅಂತೂ ನೋಂದಣಿಯ ದಿನ ಬಂತು. ಬಾಡಿಗೆ ಮನೆಯಲ್ಲಿ ನಮಗೆ ಉಳಿದಿದ್ದದ್ದು ನಾಲ್ಕೇ ದಿನ. ಹೆಂಡತಿ ಪಾತ್ರೆಗಳನ್ನು ಚೀಲಕ್ಕೆ ತುಂಬಿಯಾಗಿತ್ತು. "ಈವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು ಭಾವ" ಎಂದು ಕೈಮುಗಿದಿದ್ದೆ. ಅವನು ತಲೆಯಾಡಿಸಿದ್ದ.

ಮುದುಕಿಯ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿದ್ದರು. "ಈ ದಿನವೇ ಸ್ವತ್ತನ್ನು ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ" ಎಂದು ಪತ್ರದವರು ಓದಿ ಮುಗಿಸಿದರು. ಭಾವ ಎದ್ದು ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅವ್ವಾ, ಸ್ವಾಧೀನ ಅಂದ್ರೆ ಗೊತ್ತಾ?"

"ನಂಗೇನ್ ಗೊತ್ತಪ್ಪ. ದೇವಸ್ಥಾನದ ಮಾತಿದ್ದಂಗದೆ."

"ಬೀಗದ ಕೈ ಇವ್ನಿಗೆ ಕೊಡೋದು. ಈವತ್ತೇ. ನಾಳಿಂದ ನೀನು ಆ ಮನೇಲಿರಂಗಿಲ್ಲ."

ಮುದುಕಿ ಮಗನ ಕಡೆ ನೋಡಿದಳು. ಮಗ ನೆಲ ನೋಡಿದ.

"ಈವತ್ತು ಎಬ್ಬೆಟ್ಟು ಅಷ್ಟೇಯ, ಮನೆ ಬುಡದು ಆಮ್ಯಾಕೆ ಅಂದಿದ್ದ ನನ್ ಮಗ. ಮಗಳು ಎಂಟು ತಿಂಗಳ ಬಸ್ರಿ ಕಣಪ್ಪ. ಎರಿಗೆಗೆ ಇಲ್ಗೇ ಬಂದವಳೆ. ಅವ್ಳನ್ನ ಎಲ್ಗೆ ಕರ್ಕೊಂಡೋಗಲಿ?" ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಮಗನ ಸಂಸಾರವಂತೆ.

ಪತ್ರದವರು ಚಷ್ಮಾ ತೆಗೆದರು. ಭಾವ ನನ್ನ ಕಡೆ ತಿರುಗಿದ. "ಕೊಳ್ಳೋನು ನೀನು ಕಣಪ್ಪ. ಏನ್ ಬರ್ಸನ ಏಳು."

ಅವನ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅವನು ಕೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ನಿಶ್ಚಿಂತೆಯಾಗಿ ಹೋಗಿ ಹಾಲುಕ್ಕಿಸುತ್ತಿದ್ದೆ. ಈಗ ಗೊತ್ತಾಗಿಬಿಟ್ಟಿತು. ಮುದುಕಿ ಮಸಿ ಬೆರಳನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡೇ ಕೂತಿದ್ದಳು.

"ನಾಲ್ಕು ತಿಂಗಳು ಬಿಟ್ಟು ಸ್ವಾಧೀನ ಅಂತ ಬರೆಯಿರಿ" ಎಂದೆ.

ಆ ನಾಲ್ಕು ತಿಂಗಳು ನಾವು ಗುಂಡ್ಲುಪೇಟೆಯಲ್ಲಿ ಭಾವನ ಮನೆಯಲ್ಲೇ ಇದ್ದೆವು. ಕೋಣೆಯನ್ನು ನಮಗೆ ಬಿಟ್ಟು ಅವನು ಜಗಲಿಯಲ್ಲಿ ಮಲಗಿದ. ನಾನು ದಿನಾ ಬಸ್ಸಿನಲ್ಲಿ ಸ್ಕೂಲಿಗೆ ಹೋಗಿಬರುತ್ತಿದ್ದೆ. ನನ್ನ ಬಸ್ ಪಾಸಿನ ಹಿಂದಿದ್ದ ನಿಯಮಗಳನ್ನು ಅವನು ಒಂದೊಂದಾಗಿ ಓದಿ ಅರ್ಥ ಕೇಳುತ್ತಿದ್ದ. ಮುದುಕಿಯ ಮಗಳಿಗೆ ಹೆಣ್ಣು ಮಗು ಆಯಿತು. ಬಾಣಂತನ ಮುಗಿಸಿಕೊಂಡು ಅವಳು ಗಂಡನ ಮನೆಗೆ ಹೋದಳು.

ಕೀ ಕೊಡುವ ದಿನ ಮಗ ಸಾಮಾನುಗಳಿಗೆ ಟೆಂಪೋ ಕಳಿಸಿದ್ದ. ತಾನು ಬಂದಿರಲಿಲ್ಲ. ತಾಯಿ ಬಸ್ಸಿನಲ್ಲಿ ಬರಲಿ ಎಂದಿದ್ದನಂತೆ. ಮುದುಕಿ ಕೀಯನ್ನು ನನ್ನ ಹೆಂಡತಿಯ ಕೈಗಿಟ್ಟು, ಬಾಗಿಲ ಚೌಕಟ್ಟನ್ನು ಒಮ್ಮೆ ಸವರಿ, ಹಿಂದೆ ನೋಡದೆ ನಡೆದಳು. ಹಾಲುಕ್ಕಿಸಿ, ನೆರೆಯವರಿಗೆಲ್ಲ ಹಂಚುವಾಗ ನೋಡಿದರೆ ಭಾವ ಇಲ್ಲ. ಇಡೀ ಬೀದಿ ಹುಡುಕಿದೆ. ಎಲೆ ಹಾಕಿ ಕಾದೆವು. ಹೊತ್ತಿಳಿಯುವ ಹೊತ್ತಿಗೆ ಬೆವರೊರೆಸಿಕೊಳ್ಳುತ್ತ ಬಂದ.

"ಎಲ್ಲಿಗೆ ಹೋಗಿದ್ದೆ ಭಾವ, ಹೇಳದೆ ಕೇಳದೆ?"

"ಸಂತೆಮರಹಳ್ಳಿಗೆ" ಎಂದ. "ಅಷ್ಟು ವರ್ಷ ಇದ್ದ ಮನೆ ಬುಟ್ಟು ಓಯ್ತಾವಳೆ. ಬಸ್ಸಲ್ಲಿ ಕಿಟಕಿ ಸೀಟು ಇಡ್ಕೊಡಕ್ಕೆ ಒಬ್ರು ಬ್ಯಾಡ್ವಾ?"