ನಬೀಹನ ಕಣ್ಣು, ಉಸ್ತಾದರ ಪೆಟ್ಟಿಗೆ

ಮೂವತ್ತೊಂದು ವರ್ಷ ನೈಲ್ ದಂಡೆಯ ಮನ್ಸೂರದ ಸರ್ಕಾರಿ ಶಾಲೆಯಲ್ಲಿ ಭೂಗೋಳ ಕಲಿಸಿದ ಉಸ್ತಾದ್ ಶೌಕಿಯವರನ್ನು ಇಷ್ಟು ಹೊತ್ತು ಯಾರೂ ಕಾಯಿಸಿರಲಿಲ್ಲ. ಫೋನಿನೊಳಗೆ ಒಂದು ಧ್ವನಿ "ನಿಮ್ಮ ಕರೆ ನಮಗೆ ಅಮೂಲ್ಯ" ಎನ್ನುತ್ತಿತ್ತು. ಆಮೇಲೆ ಪಿಟೀಲು. ಮತ್ತೆ ಅಮೂಲ್ಯ. ಅಷ್ಟು ಅಮೂಲ್ಯವಾದದ್ದನ್ನು ಎತ್ತಿಕೊಳ್ಳಲು ಆ ಗೇಮ್ ಪೆಟ್ಟಿಗೆಯ ಕಂಪನಿಯಲ್ಲಿ ಒಬ್ಬರಿಗೂ ಕೈ ಇರಲಿಲ್ಲ.

ಉಸ್ತಾದರ ಕೋಪಕ್ಕೆ ಕಾರಣವಿತ್ತು. ಪ್ರತಿ ಶುಕ್ರವಾರ ನಮಾಜು, ಊಟ ಮುಗಿದ ಮೇಲೆ ಮೇಲಿನ ಮನೆಯಿಂದ ಹೆಂಡತಿಯ ತಮ್ಮ ನಬೀಹ್ ಇಳಿದು ಬರುತ್ತಿದ್ದ. ಭಾವ, ಭಾವಮೈದುನ ಟಿ.ವಿ. ಮುಂದೆ ಕೂತು, ಮಗಳು ಕೊಡಿಸಿದ ಗೇಮ್ ಪೆಟ್ಟಿಗೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಸೋತವನು ಚಹಾ ಮಾಡಿ, ತಟ್ಟೆಯಲ್ಲಿಟ್ಟು, ಎಲ್ಲರೆದುರು ಗೆದ್ದವನ ಕೈಗೆ ಕೊಡಬೇಕು. (ಸಕ್ಕರೆಯನ್ನೂ ಸೋತವನೇ ಕಲಕಬೇಕು. ಈ ನಿಯಮ ಮಾಡಿದವರು ಉಸ್ತಾದರೇ. ಆಗ ಅವರು ಗೆಲ್ಲುತ್ತಿದ್ದರು.) ಈಚಿನ ಹನ್ನೊಂದು ಶುಕ್ರವಾರಗಳಿಂದ ಚಹಾ ಹೊತ್ತವರೂ ಅವರೇ.

ಹನ್ನೆರಡನೆಯ ಶುಕ್ರವಾರ ಅಲ್ಲಾಹನ ದಯೆಯಿಂದ ಉಸ್ತಾದರು ಮೂರು-ಒಂದರಿಂದ ಮುಂದಿದ್ದರು. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ನಬೀಹ್ ತಲೆದೂಗಿ, "ಭಾವ, ಇವತ್ತು ಎಂಥಾ ಆಟ ಆಡ್ತಿದ್ದೀರಿ" ಎಂದ. ಪೆಟ್ಟಿಗೆ ಗೊರ್ ಎಂದಿತು, ಕರಕರ ಎಂದಿತು, ಸತ್ತಿತು.

"ಮಾಷಾಅಲ್ಲಾ ಅಂದ್ಯಾ?" ಎಂದು ಕೇಳಿದರು ಉಸ್ತಾದರು.

"ಏನು?"

"ಹೊಗಳಿದ ಮೇಲೆ ಮಾಷಾಅಲ್ಲಾ ಅನ್ಬೇಕು. ಅನ್ಲಿಲ್ಲ ನೀನು. ಕಣ್ಣು ಹಾಕಿದೆ."

"ಪೆಟ್ಟಿಗೆಗೆ ಕಣ್ಣು ಹಾಕೋಕೆ ನನಗೇನು ಹುಚ್ಚಾ ಭಾವ? ವಿಜ್ಞಾನ, ವಿಜ್ಞಾನ ಅಂತ ಮಕ್ಕಳಿಗೆ ಪಾಠ ಹೇಳಿದವರು ನೀವು."

"ವಿಜ್ಞಾನಕ್ಕೂ ಹೊಟ್ಟೆಕಿಚ್ಚಿನವರನ್ನ ಕಂಡ್ರೆ ಭಯ."

ನಬೀಹ್ ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೋದ. ಉಸ್ತಾದರು ಸುಮ್ಮನಿರಬಹುದಿತ್ತು. ಇರಲಿಲ್ಲ. ಕೆಳಗಿನ ಕ್ಷೌರಿಕನಿಂದ ಹಿಡಿದು ತಾರಸಿಯಲ್ಲಿ ಪಾರಿವಾಳ ಸಾಕುವವನವರೆಗೆ ಎಲ್ಲರಿಗೂ ನಬೀಹನ ಕಣ್ಣಿನ ಶಕ್ತಿಯನ್ನು ವರ್ಣಿಸಿ ಬಂದರು. ಅಂದಿನಿಂದ ಹೆಂಡತಿ ಇನ್ಸಾಫ್ ಮೂರು ಹೊತ್ತೂ ಬೇಯಿಸಿದ ಅವರೆಕಾಳನ್ನೇ ಅವರ ಮುಂದೆ ಕುಕ್ಕತೊಡಗಿದಳು.

"ನನ್ನ ತಮ್ಮ ಮತ್ತೆ ಮೆಟ್ಟಿಲಿಳಿದು ಈ ಮನೆಗೆ ಬರೋ ತನಕ ಇದೇ ಊಟ" ಎಂದಳು. "ಅಂದ ಹಾಗೆ, ಮಗಳ ಪಾಪು ತೊಟ್ಟಿಲಿಗೆ ಕಟ್ಟಿದ್ದ ನೀಲಿ ದೃಷ್ಟಿಮಣಿ ಕಾಣ್ತಿಲ್ಲ. ನೋಡಿದ್ರಾ?"

"ಇಲ್ಲಿ ಮನೆಗೇ ಬೆಂಕಿ ಬಿದ್ದಿದೆ, ನಿನಗೆ ಮಣಿ ಚಿಂತೆ" ಎಂದು ಉಸ್ತಾದರು ಫೋನು ಹಿಡಿದು ಒಳಕೋಣೆಗೆ ಹೋದರು.

ಏಳನೆಯ ಸಲಕ್ಕೆ ಒಬ್ಬ ಹುಡುಗ ಸಿಕ್ಕಿದ. ಆರು ಸಲ ಪಿಟೀಲಿಗೆ ಹೇಳಿದ ಕಥೆಯನ್ನು ಉಸ್ತಾದರು ಹೊಸದಾಗಿ ಹೇಳಿದರು.

"ಸಾರ್, ಮೊದಲು ಆಫ್ ಮಾಡಿ."

"ಆಫ್ ಆಗೇ ಇದೆಯಪ್ಪಾ. ಅದೇ ನನ್ನ ದೂರು."

"ಹಾಗಾದ್ರೆ ಆನ್ ಮಾಡಿ."

"ಆನ್ ಆಗೋ ಹಾಗಿದ್ರೆ ನಿನ್ನ ಮುಖಕ್ಕೆ ಯಾಕೆ ಫೋನ್ ಮಾಡ್ತಿದ್ದೆ?"

"ಒಳಗೆ ಏನಾದ್ರೂ ಬಿದ್ದಿದ್ಯಾ ಸಾರ್? ಚಿಲ್ಲರೆ, ಪಿನ್ನು, ಅಂಥದ್ದು?"

ಉಸ್ತಾದರ ಮೈಯೆಲ್ಲ ಉರಿದುಹೋಯಿತು. "ನಾನೇನು ಮೂರು ವರ್ಷದ ಮಗುನಾ? ಕೇಳು. ನಲವತ್ತು ಮಕ್ಕಳ ಮುಂದೆ ನಾನು ಒಂದೇ ಮಾತು ಹೇಳ್ತಿದ್ದೆ: ತಪ್ಪು ಮಾಡಿದವರು ತಾವಾಗೇ ಎದ್ದು ನಿಲ್ಲಿ, ಅಲ್ಲೀತನಕ ಯಾರಿಗೂ ಆಟ ಇಲ್ಲ. ನಿಮ್ಮ ಕಂಪನಿ ಎದ್ದು ನಿಲ್ಲಲಿ."

ಪಿಟೀಲು. ಆಮೇಲೆ ಒಂದು ಹೆಣ್ಣು ದನಿ ಅನುಮಾನದಿಂದ ಕೇಳಿತು: "ಮನ್ಸೂರದ ಉಸ್ತಾದ್ ಶೌಕಿನಾ? ನಾನು ಮುಶೀರಾ. ನಿಮ್ಮ ಕ್ಲಾಸಿನ ಕಿಟಕಿ ಪಕ್ಕದ ಬೆಂಚು. ನೀವು ಆ ಮಾತು ಹೇಳಿದ್ರಿ ಅಂತ ಹುಡುಗ ನನ್ನ ಹತ್ರ ದೂರು ತಂದ. ಇಲ್ಲಿ ನಾನೇ ಮೇಲ್ವಿಚಾರಕಿ."

ಉಸ್ತಾದರಿಗೆ ಹೇಳತೀರದ ಸಂತೋಷವಾಯಿತು. ಗುರುತಿನವರಿದ್ದರೆ ಸಾಕು, ಈ ದೇಶದಲ್ಲಿ ನೈಲ್ ನದಿಯನ್ನೂ ಹಿಂದಕ್ಕೆ ಹರಿಸಬಹುದು. ಮರುದಿನವೇ ಕಂಪನಿಯವರು ಬಂದು ಪೆಟ್ಟಿಗೆಯನ್ನು ಒಯ್ದರು. ವರದಿಯನ್ನು ಶುಕ್ರವಾರ ತಾನೇ ತಿಳಿಸುವುದಾಗಿ ಮುಶೀರಾ ಹೇಳಿದ್ದಳು.

ಶುಕ್ರವಾರ ಇನ್ಸಾಫ್ ತಮ್ಮನನ್ನು ಬೇಡಿ, ಬೈದು, ಕೆಳಗೆ ಎಳೆತಂದಳು. ನಬೀಹ್ ಗೋಡೆ ನೋಡುತ್ತ ಕೂತಿದ್ದ. ಫೋನು ಬಂತು. ಕಂಪನಿಯ ತಪ್ಪೊಪ್ಪಿಗೆಯನ್ನು ಎಲ್ಲರೂ ಕೇಳಲಿ ಎಂದು ಉಸ್ತಾದರು ಸ್ಪೀಕರ್ ಹಾಕಿದರು.

"ಓದ್ತೀನಿ ಉಸ್ತಾದ್" ಎಂದಳು ಮುಶೀರಾ. "ಹಿಂಬದಿಯ ಗಾಳಿಕಿಂಡಿಯಿಂದ ತೂರಿಸಿದ ಒಂದು ನೀಲಿ ದೃಷ್ಟಿಮಣಿ ಸಿಕ್ಕಿದೆ. ಅದರ ದಾರ ಫ್ಯಾನಿಗೆ ಸುತ್ತಿಕೊಂಡು ಪೆಟ್ಟಿಗೆ ಕೆಟ್ಟಿದೆ. ವಾರಂಟಿ ಅನ್ವಯಿಸೋದಿಲ್ಲ. ಯಾರಿಟ್ಟಿದ್ದು ಉಸ್ತಾದ್?"

ಇನ್ಸಾಫ್ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಪಾಪು ಇಟ್ಟಿರ್ಬೇಕು" ಎಂದರು ಉಸ್ತಾದರು.

"ಅದಕ್ಕಿನ್ನೂ ಕೂರೋಕೇ ಬರಲ್ಲ" ಎಂದಳು ಇನ್ಸಾಫ್.

ಫೋನಿನಿಂದ ಮುಶೀರಾ ಸ್ವಲ್ಪ ಕೆಮ್ಮಿ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಉಸ್ತಾದ್, ನೀವೇ ಕಲಿಸಿದ್ದು. ತಪ್ಪು ಮಾಡಿದವರು ತಾವಾಗೇ ಎದ್ದು ನಿಲ್ಲಿ. ಅಲ್ಲೀತನಕ ಯಾರಿಗೂ ಆಟ ಇಲ್ಲ."

ನಾಚಿಕೆಯಿಂದ ಉಸ್ತಾದರ ಕಿವಿ ಕಾದುಹೋದವು. ಕೂತೇ ಇರಬೇಕೆಂದು ಅವರು ನಿಶ್ಚಯಿಸಿದರು. ಆದರೆ ಮೂವತ್ತೊಂದು ವರ್ಷ ಆ ಮಾತಿಗೆ ಏಳದ ಮೊಣಕಾಲು ಮನ್ಸೂರದಲ್ಲೇ ಇರಲಿಲ್ಲ, ಅವರದೂ ಏನು ಬೇರೆಯಲ್ಲ. ಅವರು ಎದ್ದು ನಿಂತರು, ಕೈಕಟ್ಟಿ.

ನಬೀಹ್ ಗೋಡೆಯಿಂದ ಮುಖ ತಿರುಗಿಸಿ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹೇಗೂ ಎದ್ದಿದ್ದೀರಲ್ಲ ಭಾವ, ಮಾಷಾಅಲ್ಲಾ" ಎಂದ. "ಹಾಗೇ ಒಂದು ಚಹಾ ಮಾಡ್ಕೊಂಡು ಬನ್ನಿ. ನನಗೆ ಸಕ್ಕರೆ ಮೂರು ಚಮಚ. ಚೆನ್ನಾಗಿ ಕಲಕಿ."