ತಾಯಿಯ ತವರೂರು ಎಂಬ ಗುಟ್ಟು

ನಮ್ಮ ಸೀಮೆಯಲ್ಲಿ ಗುಟ್ಟು ಕಾಪಾಡುವುದು ಬಲು ಕಷ್ಟ. ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತಿ ಕೂತರೆ ಸಾಕು, ಪಕ್ಕದವರು ‘ಯಾವೂರಾಯ್ತು? ಯಾರ ಮಗ? ತಾಯಿ ತವರು ಯಾವ ಕಡೆ?’ ಎಂದು ಶುರು ಮಾಡಿ, ಹುಣಸೂರು ಬರುವಷ್ಟರಲ್ಲಿ ಏನಾದರೊಂದು ನಂಟು ಹುಡುಕಿಬಿಡುತ್ತಾರೆ. ಹೇಳದೆ ಕೂತರೆ ‘ಎಷ್ಟು ದಿಮಾಕು ನೋಡು’ ಎನ್ನುತ್ತಾರೆ. ಇಂಥ ಜನಕ್ಕೆ ಕಂಪ್ಯೂಟರು, ಪಾಸ್‌ವರ್ಡ್ ಮರೆತರೆ ಇರಲಿ ಎಂದು, ಒಂದು ಗುಪ್ತ ಪ್ರಶ್ನೆ ಇಟ್ಟಿದೆ: ನಿಮ್ಮ ತಾಯಿಯ ತವರೂರು ಯಾವುದು? ಬೀಗ ಹಾಕಿ ಕೀಲಿಕೈಯನ್ನು ಬಸ್‌ಸ್ಟ್ಯಾಂಡಿನಲ್ಲಿ ನೇತುಹಾಕಿದ ಹಾಗೆ.

ಅಪ್ಪ ತೀರಿಕೊಂಡ ಮೇಲೆ ಅವರ ದನಿಯ ರೆಕಾರ್ಡಿಂಗುಗಳನ್ನೆಲ್ಲ ಇಂಟರ್‌ನೆಟ್ಟಿನ ಒಂದು ಖಾತೆಯಲ್ಲಿ ಇಟ್ಟೆ. ಆಗ ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ನಸೀಮಾ ಎಚ್ಚರಿಸಿದರು: ‘ಸಾರ್, ನಿಮ್ಮ ತಾಯಿ ಚುಂಚನಕಟ್ಟೆಯವರು ಅಂತ ಇಡೀ ಊರಿಗೇ ಗೊತ್ತು. ನಿಜ ಹಾಕ್ಬೇಡಿ, ಏನಾದ್ರೂ ಸುಳ್ಳು ಹಾಕಿ.’ ಹಾಕಿದೆ. ಹಾಕಿದ ಸುಳ್ಳನ್ನು ನೆನಪಿಟ್ಟುಕೊಳ್ಳಬೇಕು ಎಂದು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮೊನ್ನೆ ಫೋನು ಕೆಟ್ಟಿತು. ಹೊಸದರಲ್ಲಿ ಖಾತೆ ತೆರೆಯಲು ಹೋದರೆ ಪಾಸ್‌ವರ್ಡೂ ನೆನಪಿಲ್ಲ, ಸುಳ್ಳೂ ನೆನಪಿಲ್ಲ. ಹುಣಸೂರು ಎಂದೆ, ಅಲ್ಲವಂತೆ. ಕೆ.ಆರ್. ನಗರ ಎಂದೆ, ಅದೂ ಅಲ್ಲ. ಇನ್ನೊಮ್ಮೆ ತಪ್ಪಿದರೆ ಖಾತೆ ಶಾಶ್ವತವಾಗಿ ಬಂದ್ ಎಂದು ಕೆಂಪಕ್ಷರ ಬಂತು. ಬೆಳಿಗ್ಗೆ ಆ ರೆಕಾರ್ಡಿಂಗಿನಲ್ಲಿ ಅಪ್ಪನ ಬೈಗುಳ ಕೇಳದಿದ್ದರೆ ಅಮ್ಮನಿಗೆ ದಿನವೇ ಶುರುವಾಗುವುದಿಲ್ಲ. ಅದೂ ಹೋದರೆ ಆಕೆಗೆ ಯಾವ ಮುಖ ತೋರಿಸಲಿ?

ವಿಧಿಯಿಲ್ಲದೆ ಹೇಳಿಬಿಟ್ಟೆ. ‘ನನ್ ತವರ್ನೇ ಬದಲಾಯಿಸ್ಬುಟ್ಯೇನ್ಲಾ?’ ಎಂದು ಅಮ್ಮ ಮೊದಲು ಕಣ್ಣರಳಿಸಿದಳು. ಆಮೇಲೆ ಒಂದು ಕ್ಷಣವೂ ಯೋಚಿಸದೆ ಅಂದಳು: ‘ಕೊಪ್ಪ ಅಂತ ಹಾಕು ಕಣ್ಲಾ. ಇಸ್ಕೂಲು ತಪ್ಪಿಸ್ಕಂಡ ಕಾಲದಿಂದ್ಲೂ ಸುಳ್ಳು ಏಳೋವಾಗ ನಿನ್ ಬಾಯಿಗೆ ಬರೋದು ಅದೊಂದೇ ಊರು.’

ಹಾಕಿದೆ. ತೆರೆಯಿತು. ‘ಕಾಪೀಗೆ ಸಕ್ರೆ ಹಾಕೋದೂ ಮರ್ತ್ಬುಟ್ಯೇನೇ?’ ಎಂದು ಅಪ್ಪ ರೇಗಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಂಪ್ಯೂಟರಿನ ಬೀಗ ಎಷ್ಟೇ ಗಟ್ಟಿಯಿರಲಿ, ಅದನ್ನು ಹಾಕುವವನು ಮನುಷ್ಯನೇ ತಾನೆ? ಮನಸ್ಸಿಗೆ ಬಂದದ್ದನ್ನು ಹಾಕಿದೆ, ಯಾರಿಗೂ ಗೊತ್ತಾಗದು ಎಂದುಕೊಳ್ಳುತ್ತೇವೆ. ನಮ್ಮ ಮನಸ್ಸಿಗೆ ಏನು ಬರುತ್ತದೆಂದು ಹತ್ತಿರದವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಈ ಉತ್ತರವನ್ನು ಇವತ್ತೇ ಬದಲಾಯಿಸಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ, ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು: ‘ರೀ, ಓದ ಭಾನುವಾರ ನಮ್ಮಕ್ಕನ ಮನೆ ಗೃಹಪ್ರವೇಶಕ್ಕೆ ಬರ್ದೆ, ಅರ್ಜೆಂಟ್ ಕೆಲ್ಸ ಅಂತ ಯಾವೂರಿಗೆ ಓಗಿದ್ದೆ ಅಂದ್ರಿ?’

ನನ್ನ ಬಾಯಿಗೆ ಬೇರೆ ಯಾವ ಊರೂ ಬರಲಿಲ್ಲ.