ಮಾವನವರಿಗೆ ಬೈಯಲು ಏನನ್ನೂ ಉಳಿಸದ ಅಧಿಕಾರಿಗಳಿಗೆ

ಬಳ್ಳಾರಿ ನಗರದ ಸಣ್ಣ ಕೈಗಾರಿಕೆ ನೆರವು ಶಾಖೆಯ ಮುಖ್ಯಾಧಿಕಾರಿಗಳೂ, ಹೇಳಿದ ದಿನವೇ ಬಂದುಬಿಡುವ ದುರಭ್ಯಾಸವುಳ್ಳವರೂ ಆದ ಮಾನ್ಯ ಭಾರ್ಗವ ಅವರ ಸನ್ನಿಧಾನಕ್ಕೆ, ಕುರುಗೋಡಿನ ಕಂಚಿನ ಎರಕದ ಮನೆಯ ಸೊಸೆ ಶೀಲಾ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ. ಕಳೆದ ವರ್ಷ ನಾವು ಹಾಕಿದ ಅರ್ಜಿಯನ್ನು ತಾವು ಓದಿದಿರಿ. ಓದಿದ್ದು ಸಾಲದೆಂಬಂತೆ ಮಂಜೂರು ಮಾಡಿದಿರಿ. ಇದ್ದಿಲ ಕುಲುಮೆಯ ಜಾಗಕ್ಕೆ ವಿದ್ಯುತ್ ಕುಲುಮೆ ಬಂತು, ಹಗಲಿಡೀ ಕರೆಂಟು ಬಂತು, ನಳದಲ್ಲಿ ನೀರು ಬಂತು, ಶೆಡ್ಡಿನ ಬಾಗಿಲವರೆಗೆ ಸಿಮೆಂಟು ರಸ್ತೆ ಬಂತು, ಮೂರು ಗಿರಣಿಗಳಿಂದ ಬರುತ್ತಿದ್ದ ಬೇಡಿಕೆ ಮೂವತ್ತು ಗಿರಣಿಗಳಿಂದ ಬರತೊಡಗಿತು. ಇಷ್ಟೊಂದು ಅನ್ಯಾಯವನ್ನು ಒಂದೇ ವರ್ಷದಲ್ಲಿ ಮಾಡಿ ಮುಗಿಸಿದ ಬೇರೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ.

ನನ್ನ ಮಾವ ವಿರೂಪಾಕ್ಷಪ್ಪನವರು ನಲವತ್ತು ವರ್ಷ ಗಡಿಯಾರ ನೋಡದೆ ಎರಕ ಹೊಯ್ದವರು. ಸರ್ಕಾರವನ್ನು ಬೈಯುವುದೇ ಅವರ ಗಡಿಯಾರವಾಗಿತ್ತು. ತಾಮ್ರ ತುಂಬಿದ ಮೂಸೆ ಕುಲುಮೆಗೆ ಇಳಿದ ಕೂಡಲೇ ಅವರು ಕರೆಂಟಿನಿಂದ ಶುರು ಮಾಡುತ್ತಿದ್ದರು, ಕರೆಂಟು ಮುಗಿಯುವ ಹೊತ್ತಿಗೆ ತಾಮ್ರ ಕರಗಿರುತ್ತಿತ್ತು. ನಳದ ನೀರಿನ ವಿಷಯಕ್ಕೆ ಬಂದಾಗ ನಮ್ಮ ಹಳೆಯ ಕೆಲಸಗಾರ ಎರ್ರಣ್ಣ ಮೇಲೆ ತೇಲುವ ಕಿಟ್ಟವನ್ನು ತೆಗೆಯುತ್ತಿದ್ದ; "ಈ ರೋಡ್ ಹಾಕ್ದೋರ ಸೊಂಟ ಮುರೀಲಿ" ಎಂದಾಗ ತಾಮ್ರವನ್ನು ಗಟ್ಟಿ ಕಂಚಾಗಿಸುವ ತವರ ಹಾಕುತ್ತಿದ್ದ; ಕಟ್ಟಕಡೆಗೆ ತಮ್ಮ ಶಾಖೆಯ ಹೆಸರು "ಅರ್ಜಿ ತಿಂದು ತೇಗೋ ಮಂದಿ" ಎಂಬ ಬಿರುದಿನ ಸಮೇತ ಕೇಳಿಬಂದಾಗ ಮೂಸೆ ಎತ್ತಿ ಅಚ್ಚಿಗೆ ಹೊಯ್ಯುತ್ತಿದ್ದ. ಹಾಗೆ ಹೊಯ್ದ, ಬಳೆಯಂಥ ಕಂಚಿನ ಬುಷ್‌ಗಳು ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ವರ್ಷಗಟ್ಟಲೆ ಶಾಫ್ಟು ಹೊತ್ತರೂ ಸವೆಯುತ್ತಿರಲಿಲ್ಲ.

ಈಗ ಮಾವನವರ ಬಾಯಿ ಕಟ್ಟಿದೆ. "ಕೊಟ್ಟೋರ್ನ ಬೈಯಾಕ ನಾಲಿಗಿ ಏಳಂಗಿಲ್ಲಮ್ಮ ಶೀಲಾ" ಎನ್ನುತ್ತಾರೆ. ಕಳೆದ ತಿಂಗಳು ರಸ್ತೆಯ ಬೈಗುಳ ಬರಲಿಲ್ಲ, ಆದ್ದರಿಂದ ತವರವೂ ಬೀಳಲಿಲ್ಲ. ನಾನೇ ಮುಂದೆ ನಿಂತು ಹಾಕೆಂದರೆ ಎರ್ರಣ್ಣ, "ಯಜಮಾನ್ರು ಇನ್ನಾ ರೋಡ್ ಬೈದಿಲ್ರಿ ಅಮ್ಮಾರೆ, ಹೆಂಗ ಹಾಕ್ಲಿ?" ಎಂದು ತವರದ ಗಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತ. ತಾವು ದಯಪಾಲಿಸಿದ ಶಾಖ ಅಳೆಯುವ ಯಂತ್ರ ಕೆಂಪಗೆ ಅಂಕಿ ತೋರಿಸುತ್ತಲೇ ಇತ್ತು. ಎಲ್ಲರೂ ಅದನ್ನು ಗೌರವದಿಂದ ನೋಡಿದರು, ಯಾರೂ ಕದಲಲಿಲ್ಲ. ಕೊನೆಗೆ ತವರವಿಲ್ಲದೆಯೇ ಹೊಯ್ದ ಆ ದಿನದ ನಲವತ್ತು ಬುಷ್‌ಗಳು ಮೂರೇ ದಿನಕ್ಕೆ ಸವೆದು ವಾಪಸು ಬಂದವು. ಭತ್ತ ಬರುವ ಮುನ್ನ ಇನ್ನೊಮ್ಮೆ ಹೀಗಾದರೆ ಗಿರಣಿಯವರೆಲ್ಲರೂ ಬೇರೆ ಊರಿನ ಎರಕ ತರಿಸುವುದಾಗಿ ಗಿರಣಿ ಮಾಲೀಕ ವೀರಭದ್ರಪ್ಪನವರು ಹೇಳಿಕಳಿಸಿದ್ದಾರೆ. ಅಂದಿನಿಂದ ಮಾವನವರು ಶೆಡ್ಡಿಗೆ ಕಾಲಿಟ್ಟಿಲ್ಲ, ಪಡಸಾಲೆಯಲ್ಲಿ ಕೂತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾರೆ.

ನಾವೇನೂ ಕೈಕಟ್ಟಿ ಕೂರಲಿಲ್ಲ. ಕುಲುಮೆಯ ಸದ್ದು ಕೇಳುವಷ್ಟು ದೂರದಲ್ಲಿ, ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಿ, ಮೊಬೈಲ್ ಕಂಪನಿಯನ್ನಾದರೂ ಬೈಯಿರಿ ಎಂದು ಬೇಡಿಕೊಂಡೆವು; ಎರಡು ಮಾತಿಗೆ ಮುಗಿಯಿತು. ಬಿಸಿಲನ್ನು ಬೈಯಿರಿ ಎಂದರೆ, ಪಾಪ ಅದು ತನ್ನ ಡ್ಯೂಟಿ ಮಾಡುತ್ತಿದೆ ಎಂದರು. ಬೇರೆ ದಾರಿ ಕಾಣದೆ ನನ್ನ ತವರಿನವರನ್ನು ಬೈಯಲು ನಾನೇ ಒಪ್ಪಿಗೆ ಕೊಟ್ಟೆ. ಅದು ಎಷ್ಟು ಹೊತ್ತಾದರೂ ನಿಲ್ಲಲೇ ಇಲ್ಲ, ಮೂಸೆಯಲ್ಲಿದ್ದದ್ದೆಲ್ಲ ಸುಟ್ಟುಹೋಯಿತು, ನನಗೂ ಕೆಲವು ಹೊಸ ವಿಷಯಗಳು ತಿಳಿದವು.

ಆದ್ದರಿಂದ ದಯಾಳುಗಳಾದ ತಾವು ನಮ್ಮ ಬಾಗಿಲ ಮುಂದಿನ ರಸ್ತೆಯನ್ನು ಇಪ್ಪತ್ತು ಅಡಿಯಾದರೂ ಅಗೆಸಿ ಹಾಗೇ ಬಿಡಬೇಕು. ಅಗೆದವರು ನೀರಿನವರೆಂದು ರಸ್ತೆಯವರೂ, ರಸ್ತೆಯವರೆಂದು ನೀರಿನವರೂ ಹೇಳುವಂತೆ ಏರ್ಪಾಡಾದರೆ ಒಂದೇ ಗುಂಡಿಯಲ್ಲಿ ನಮಗೆ ಕಿಟ್ಟದ ಕೆಲಸವೂ ತವರದ ಕೆಲಸವೂ ಆಗುತ್ತದೆ. ಕರೆಂಟನ್ನು ಮಾತ್ರ ಮುಟ್ಟಬೇಡಿ, ಕುಲುಮೆ ಅದರಿಂದಲೇ ಉರಿಯುತ್ತದೆ. ಕರೆಂಟಿನ ಬೈಗುಳಕ್ಕೆ ನಮ್ಮ ಬಿಲ್ಲನ್ನು ಕುಡತಿನಿ ಊರಿನ ಯಾರದಾದರೂ ಹೆಸರಿಗೆ ಕಳಿಸಿದರೆ ಸಾಕು. ಇನ್ನು ತಮ್ಮ ಶಾಖೆಯಲ್ಲಿ ಮೈಗಳ್ಳ ಗುಮಾಸ್ತರು ಯಾರಾದರೂ ಉಳಿದಿದ್ದರೆ ನಮ್ಮ ಕಡತವನ್ನು ಅವರಿಗೇ ವಹಿಸಬೇಕು, ಮತ್ತು ಅವರು ನಮ್ಮ ಮಾವನವರಿಗೆ ವಾರಕ್ಕೆ ಮೂರು ಸಲ ನಾಳೆ ಬರಲು ಹೇಳಬೇಕು.

ತಮ್ಮ ನೆರವಿನಿಂದ ಬೆಂದು ಬಸವಳಿದಿರುವ,
ತಮ್ಮ ವಿಶ್ವಾಸಿ,
ಶೀಲಾ
ಕುರುಗೋಡು

ತಾ.ಕ.: ಇದನ್ನು ಅಂಚೆಗೆ ಹಾಕುವ ಮುನ್ನವೇ ತಮ್ಮ ಶಾಖೆಯ ಪ್ರಶಂಸಾಪತ್ರ ಕೈಸೇರಿತು. ಅದರಲ್ಲಿ "ಆದರ್ಶ ಕುಶಲಕರ್ಮಿ ದಿವಂಗತ ವಿರೂಪಾಕ್ಷಪ್ಪನವರು" ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿದೆ. ಮಾವನವರು ಎರಡು ಸಲ ಓದಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಶೆಡ್ಡಿಗೆ ನುಗ್ಗಿ, "ನಾ ಸತ್ತೀನಂತಲೇ! ನನ್ನ ಹೊತ್ತೋರು ಯಾರು, ಹೂಳಿದ ಜಾಗ ತೋರ್ಸು ಅನ್ರಿ ಅವ್ರಿಗೆ" ಎಂದು ಶುರು ಮಾಡಿದರು. ಹೊತ್ತವರ ಸರದಿಗೆ ಕಿಟ್ಟ ಹೊರಬಂತು, ಹೂಳಿದ ಜಾಗಕ್ಕೆ ತವರ ಬಿತ್ತು, ಎರ್ರಣ್ಣನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಲವತ್ತು ಬುಷ್‌ಗಳೂ ಗಟ್ಟಿಮುಟ್ಟಾಗಿ ಸಿರುಗುಪ್ಪಕ್ಕೆ ಹೋಗಿವೆ. ಇನ್ನೂ ಮುನ್ನೂರು ಬಾಕಿ ಇರುವುದರಿಂದ, ಮಾವನವರು ಖುದ್ದಾಗಿ ತಮ್ಮ ಕಚೇರಿಗೆ ಬಂದು ಮೇಜು ಕುಟ್ಟಿ "ನಾ ಇನ್ನಾ ಬದುಕೀನಿ" ಎಂದರೂ, ಭತ್ತದ ಸುಗ್ಗಿ ಮುಗಿಯುವವರೆಗೆ ದಯವಿಟ್ಟು ನಂಬಬೇಡಿ.